ಯಶೋಧರಮ್ಮನವರ ಜಾಡು ಹಿಡಿದು: ಮದ್ದೂರಿನಿಂದ ನಂಜನಗೂಡಿನ ಕಡೆಗೆ

ಮಂತ್ರಿಗಿರಿ ಸಿಗಲಿಲ್ಲವೆಂದು ಮುನಿಸಿಕೊಂಡವರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಸರ್ಕಾರ ಹೆಂಡದಂಗಡಿಯ ಬಾಗಿಲು ಮತ್ತೆ ತೆರೆಯುತ್ತಿದೆ ಎಂಬ ಕಾರಣಕ್ಕೆ ಮಂತ್ರಿಗಿರಿಯನ್ನೇ ಬಿಟ್ಟು ಎದ್ದುಬಂದ ಹೆಣ್ಣುಮಗಳೊಬ್ಬರೂ ಇದ್ದರು. ಯಶೋಧರಾ ದಾಸಪ್ಪ. ಹುಟ್ಟಿದ್ದು 1905ರ ಮೇ 28ರಂದು, ಬೆಂಗಳೂರಿನಲ್ಲಿ. ತಂದೆ ಕೆ.ಎಚ್. ರಾಮಯ್ಯನವರು ಸಮಾಜಸೇವೆಯಿಂದ ಹೆಸರಾದವರು. ಬೆಂಗಳೂರಿನ ಲಂಡನ್ ಮಿಷನ್ ಶಾಲೆ, ಆಮೇಲೆ ಮದರಾಸಿನ ಕ್ವೀನ್ ಮೇರೀಸ್ ಕಾಲೇಜು. ಮದುವೆಯಾದದ್ದು ಮೈಸೂರಿನಲ್ಲಿ ವಕೀಲಿ ಮಾಡುತ್ತಿದ್ದ ಎಚ್.ಸಿ. ದಾಸಪ್ಪನವರನ್ನು. 1930ರ ದಶಕದಲ್ಲಿ ಇವರ ಮನೆ ಸ್ವಾತಂತ್ರ್ಯ ಹೋರಾಟಗಾರರು ಗುಟ್ಟಾಗಿ ಸೇರುವ ಜಾಗವಾಗಿತ್ತು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ತತ್ವಕ್ಕಾಗಿ ರಾಜೀನಾಮೆ ಕೊಟ್ಟವರ ಉದಾಹರಣೆ ಹೇಳಿ ಮಿಸ್ ಎಂದು ಮಕ್ಕಳು ಕೇಳಿದಾಗಲೆಲ್ಲ ಯಶೋಧರಮ್ಮನವರ ಹೆಸರು ಹೇಳುತ್ತೇನೆ. "ಅವರು ಯಾವ ಊರಲ್ಲಿ ಓಡಾಡಿದ್ದು?" ಎಂದು ಹುಡುಗಿಯೊಬ್ಬಳು ಕೇಳಿದಳು. ಈ ಬೇಸಿಗೆ ರಜೆಯಲ್ಲಿ ಹೊರಟದ್ದು ಅದಕ್ಕೆ. ಅವರ ಕಾಲದ ಜಾಗಗಳನ್ನು ನೋಡುವುದು, ಜೊತೆಗೆ ಅವರು ಬಿಟ್ಟುಹೋದ ಕೆಲಸವನ್ನು ಇವತ್ತು ಯಾರು ಮಾಡುತ್ತಿದ್ದಾರೆ ಎಂದು ತಿಳಿಯುವುದು.

ಗುರುವಾರ, ಮದ್ದೂರು

ಹೊಸ ಹೆದ್ದಾರಿಯಲ್ಲಿ ಬಂದರೆ ಮದ್ದೂರು ಪಕ್ಕಕ್ಕೆ ಉಳಿದುಬಿಡುತ್ತದೆ. ಹಾಗಾಗಿ ಪ್ಯಾಸೆಂಜರ್ ರೈಲು ಹಿಡಿದೆ. ಸ್ಟೇಷನ್ನಿನಲ್ಲಿ ನಾದಿನಿ ಸ್ಕೂಟರ್ ತಂದು ಕಾಯುತ್ತಿದ್ದಳು. ಅವಳು ಮಂಡ್ಯ ಹತ್ತಿರದ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. "ಅತ್ತಿಗೆ, ಮೊದ್ಲು ವಡೆ ತಿನ್ನಿ, ಸೌಧ ಎಲ್ಲೂ ಓಡೋಗಲ್ಲ" ಎಂದು ಕಾಗದದ ಪೊಟ್ಟಣ ಕೈಗಿಟ್ಟಳು. ಈರುಳ್ಳಿ ಘಮಘಮ ಎನ್ನುವ, ಅಂಚು ಗರಿಗರಿಯಾದ ವಡೆ. ತಿಂದೇ ಹೊರಟೆವು.

ಶಿವಪುರದ ಸತ್ಯಾಗ್ರಹ ಸೌಧ ಹಳೆಯ ಬೆಂಗಳೂರು-ಮೈಸೂರು ರಸ್ತೆಯಲ್ಲಿದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದ್ದು ಇಲ್ಲಿನ ಬಯಲಿನಲ್ಲಿ. ಕಾಂಗ್ರೆಸ್ ಬಾವುಟ ಹಾರಿಸಕೂಡದೆಂದು ಸಂಸ್ಥಾನದ ಸರ್ಕಾರ ಪ್ರತಿಬಂಧಕಾಜ್ಞೆ ಹೊರಡಿಸಿತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರು ಆಜ್ಞೆ ಮೀರಿ ಬಾವುಟ ಏರಿಸಿದರು, ಬಂಧನವಾಯಿತು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿತು, ಹಲವರು ಪ್ರಾಣ ಬಿಟ್ಟರು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್‌ರ ಜೊತೆ ಮಾತುಕತೆ ನಡೆಸಿದ ಮೇಲೆ ಬಾವುಟದ ಪ್ರಶ್ನೆ ಬಗೆಹರಿಯಿತು. ಯಶೋಧರಮ್ಮನವರು ಈ ಹೋರಾಟದ ಸಾಲಿನಲ್ಲಿದ್ದವರು.

ಸೌಧದ ಎದುರು ಎಳನೀರು ಕೊಚ್ಚುತ್ತಿದ್ದ ಅಜ್ಜ ನಮ್ಮ ಮಾತು ಕೇಳಿಸಿಕೊಂಡು, "ದಾಸಪ್ಪೋರು ಅಂದ್ರೆ ರೈಲ್ವೆ ಮಂತ್ರಿ ಆಗಿದ್ದೋರಲ್ವಾ ಅವ್ವ?" ಎಂದ. ಹೌದು, 1963ರಲ್ಲಿ ನೆಹರೂ ಸಂಪುಟದಲ್ಲಿ ರೈಲ್ವೆ ಖಾತೆ ಅವರದ್ದೇ. "ಅವರ ಹೆಂಡ್ತೀನೂ ಮಂತ್ರಿ ಆಗಿದ್ರು ತಾತ. ಸಾರಾಯಿ ಬೇಡ ಅಂತ ರಾಜೀನಾಮೆ ಕೊಟ್ರು" ಎಂದೆ. ಮಚ್ಚು ಹಿಡಿದ ಕೈ ನಿಂತಿತು. "ಯಾರೂ ಹೇಳ್ನಿಲ್ವಲ್ಲ ನಮ್ಗೆ" ಎಂದು ನಾದಿನಿಯ ಕಡೆ ನೋಡಿದ, ಅವಳು ಇದೇ ಜಿಲ್ಲೆಯವಳು ಎಂದು ಗುರುತು ಹಿಡಿದವನಂತೆ.

ಬಾವುಟಕ್ಕೂ ಹೆಂಡಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಆ ಕಾಲದವರಿಗೆ ಎರಡೂ ಒಂದೇ ಹೋರಾಟ. 1930ರ ಏಪ್ರಿಲ್‌ನಲ್ಲಿ, ದಂಡಿ ಯಾತ್ರೆ ಮುಗಿದ ವಾರದಲ್ಲೇ, ಗಾಂಧೀಜಿ ದೇಶದ ಹೆಂಗಸರಿಗೆ ವಿಶೇಷವಾಗಿ ಒಪ್ಪಿಸಿದ್ದು ಎರಡು ಕೆಲಸ: ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್, ಅಂದರೆ ಬಾಗಿಲಲ್ಲಿ ನಿಂತು ಒಳಗೆ ಹೋಗಬೇಡಿ ಎಂದು ಗಿರಾಕಿಗಳನ್ನು ಕೇಳಿಕೊಳ್ಳುವುದು, ವಿದೇಶಿ ಬಟ್ಟೆ ಅಂಗಡಿಗಳ ಮುಂದೆ ಪಿಕೆಟಿಂಗ್. ಅವರ ರಚನಾತ್ಮಕ ಕಾರ್ಯಕ್ರಮದಲ್ಲಿ ಕೋಮು ಸಾಮರಸ್ಯ, ಅಸ್ಪೃಶ್ಯತಾ ನಿವಾರಣೆ ಆದ ಮೇಲೆ ಮೂರನೆಯ ಜಾಗ ಪಾನನಿಷೇಧಕ್ಕೆ, ಖಾದಿ ಬರುವುದು ಅದರ ನಂತರ. ಕುಡಿತದ ಏಟು ಬೀಳುವುದು ಯಾರ ಮೈಮೇಲೆ ಎನ್ನುವುದು ಅವರಿಗೆ ಗೊತ್ತಿತ್ತು, ಅದಕ್ಕೇ ಹೆಂಗಸರನ್ನು ಕರೆದರು.

ನಮ್ಮ ಸಂಸ್ಥಾನದಲ್ಲಿ ಇದು ಅರಣ್ಯ ಸತ್ಯಾಗ್ರಹವಾಗಿ ಬಂತು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಸೇಂದಿ ಇಳಿಸುವ ಈಚಲು ಮರಗಳನ್ನು ಕಡಿದು ಜೈಲಿಗೆ ಹೋದರು. ಅವರಲ್ಲೊಬ್ಬರು ವಕೀಲರಾಗಿದ್ದ ಎಸ್. ನಿಜಲಿಂಗಪ್ಪ. ಯಶೋಧರಮ್ಮನವರೂ ಅರಣ್ಯ ಸತ್ಯಾಗ್ರಹದಲ್ಲಿ ದುಡಿದವರು. ಈ ಎರಡು ಹೆಸರುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮೈಸೂರಿಗೆ ಹೋದಾಗ ಬೇಕಾಗುತ್ತದೆ.

ಸಂಜೆ ಹಳೆಯ ರಸ್ತೆಯಲ್ಲೇ ಮಂಡ್ಯಕ್ಕೆ ಹೋದೆವು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಕೂಡದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿದ್ದು, ಆಮೇಲೆ ಊರೊಳಗಿನ ರಸ್ತೆಗಳಿಗೆ ವಿನಾಯಿತಿ ಸಿಕ್ಕಿದ್ದು ಎಲ್ಲ ನೆನಪಾಯಿತು. ಬೋರ್ಡುಗಳ ದೀಪ ಆಗಲೇ ಹತ್ತಿತ್ತು.

ಶುಕ್ರವಾರ, ಮಂಡ್ಯ ಮತ್ತು ಸುತ್ತಲ ಹಳ್ಳಿ

ಮಂಡ್ಯದಲ್ಲಿ ನಿಂತು ಕುಡಿತದ ಮಾತಾಡುವವರು ಕಬ್ಬಿನಿಂದ ಶುರು ಮಾಡಬೇಕು. ಕನ್ನಂಬಾಡಿಯ ನೀರು ನಾಲೆಗೆ ಬಂತು, ಒಣಭೂಮಿ ಗದ್ದೆಯಾಯಿತು, ಕಬ್ಬು ಬಂತು, ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಸಕ್ಕರೆ ತೆಗೆದ ಮೇಲೆ ಉಳಿಯುವುದು ಕಾಕಂಬಿ, ಕಪ್ಪಗೆ ಅಂಟಂಟಾದ ಪಾಕ. ಕಾಕಂಬಿಯನ್ನು ಹುಳಿ ಬರಿಸಿ ಭಟ್ಟಿ ಇಳಿಸಿದರೆ ಸ್ಪಿರಿಟ್. ಸಾರಾಯಿಗೂ ಅದೇ ಮೂಲ, ಇವತ್ತಿನ ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮಿಗೂ ಅದೇ ಮೂಲ. ಗದ್ದೆಯಲ್ಲಿ ಕಬ್ಬು ಕಡಿದವನ ಕೂಲಿ ಸಂಜೆ ಹೊತ್ತಿಗೆ ಅದೇ ಕಬ್ಬಿನ ಕೊನೆಯ ಹನಿಗೆ ವಾಪಸ್ಸು ಹೋಗುತ್ತದೆ.

ನಾದಿನಿ ಕೆಲಸ ಮಾಡುವ ಹಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಹೆಂಗಸರು ಕೇಳಿಕೊಂಡಿದ್ದಾರೆ. ಊರ ಹೊರಗೆ ಆಲೆಮನೆ ಇತ್ತು. ಗಾಣದಲ್ಲಿ ಹಾಲು ಇಳಿಯುತ್ತಿತ್ತು, ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಪಾಕದ ಮೇಲಿನ ಮಡ್ಡಿಯನ್ನು ಒಬ್ಬಾಕೆ ಉದ್ದನೆ ಜಾಲರಿಯಲ್ಲಿ ತೆಗೆಯುತ್ತಿದ್ದಳು. ನನಗೆ ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿ ಕೊಟ್ಟಳು. ಅವಳೇ ಸ್ತ್ರೀಶಕ್ತಿ ಸಂಘದ ಪ್ರತಿನಿಧಿ ಎಂದು ಆಮೇಲೆ ತಿಳಿಯಿತು. "ಕೂತ್ಕಳಿ ಮೇಡಮ್ಮೋರೆ, ಈ ಪಾಕ ಅಚ್ಚಿಗೆ ಸುರ್ದ್‌ಬುಟ್ಟು ಬತ್ತೀನಿ" ಎಂದಳು.

ಅವಳ ಮನೆಯಲ್ಲಿ ಕೂತು ನೋಡಿದ ಎರಡು ವಸ್ತುಗಳ ಬಗ್ಗೆ ಬಿಡಿಸಿ ಬರೆಯಬೇಕು.

ಮೊದಲನೆಯದು ಒಂದು ಗೋಣಿಚೀಲ. ಹಿತ್ತಲಲ್ಲಿ ಕಟ್ಟಿಟ್ಟಿದ್ದಳು. ಬಿಚ್ಚಿ ಸುರಿದರೆ ತುಂಬ ಖಾಲಿ ಟೆಟ್ರಾ ಪ್ಯಾಕುಗಳು, ಮಕ್ಕಳು ಕುಡಿಯುವ ಮಾವಿನ ರಸದ ಡಬ್ಬಿಯಷ್ಟೇ ಗಾತ್ರ, 90 ಮಿಲಿಯವು. ಊರವರ ಬಾಯಲ್ಲಿ ಇದು ಬರೀ 'ನೈಂಟಿ'. ಒಂದೊಂದರ ಮೂಲೆ ಹಲ್ಲಿನಿಂದ ಕಚ್ಚಿ ಹರಿದದ್ದು. ಒಳಗಿನ ಬೆಳ್ಳಿ ಬಣ್ಣಕ್ಕೆ ಮಣ್ಣು ಮೆತ್ತಿತ್ತು, ವಾಸನೆ ಇನ್ನೂ ಹೋಗಿರಲಿಲ್ಲ. ಈ ಊರಿನಲ್ಲಿ ಲೈಸೆನ್ಸ್ ಇರುವ ಅಂಗಡಿಯೇ ಇಲ್ಲ. ಹೋಬಳಿ ಕೇಂದ್ರದಿಂದ ಕೇಸುಗಟ್ಟಲೆ ತಂದು, ಚಿಲ್ಲರೆ ಅಂಗಡಿಯಲ್ಲಿ ಬೀಡಿ, ಬಿಸ್ಕತ್ತಿನ ಜೊತೆ, ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಇಟ್ಟು ಮಾರುತ್ತಾರೆ. ಬೆಳಿಗ್ಗೆ ಐದೂವರೆಗೇ ಸಿಗುತ್ತದಂತೆ. ಹೆಂಗಸರು ದೂರು ಕೊಟ್ಟಾಗ, ನಿಮ್ಮೂರಲ್ಲಿ ಅಂಗಡಿಯೇ ಇಲ್ಲವಲ್ಲ ಎನ್ನುವ ಉತ್ತರ ಬಂತು. ಅದಕ್ಕೆ ಸಂಘದವರು ವಾರಕ್ಕೊಮ್ಮೆ ಕಾಲುವೆ ಏರಿ, ಶಾಲೆಯ ಹಿಂಭಾಗ, ಅರಳಿಕಟ್ಟೆ ಎಲ್ಲ ಗುಡಿಸಿ ಖಾಲಿ ಪ್ಯಾಕು ಹೆಕ್ಕಲು ಶುರು ಮಾಡಿದರು. ಎಲ್ಲಿ ಎಷ್ಟು ಸಿಕ್ಕಿತು ಎಂದು ಬರೆದಿಟ್ಟುಕೊಂಡಿದ್ದಾರೆ. ಶಾಲೆಯ ಹಿಂದೆ ಸಿಕ್ಕವನ್ನು ಬೇರೆ ಚೀಲದಲ್ಲಿ ಕಟ್ಟಿದ್ದಾರೆ. ಶಾಲೆ, ದೇವಸ್ಥಾನದ 100 ಮೀಟರ್ ಒಳಗೆ ಮದ್ಯದಂಗಡಿಗೆ ಅನುಮತಿ ಇಲ್ಲ ಎನ್ನುವ ನಿಯಮ ಅವರಿಗೆ ಬಾಯಿಪಾಠ.

ಎರಡನೆಯದು ಹಾಲಿನ ಡೈರಿಯ ಪಾಸ್‌ಪುಸ್ತಕ. ನೀಲಿ ರಟ್ಟು, ಸಗಣಿ ಕೈ ತಾಗಿ ಅಂಚು ಕಂದಿದೆ. ಮೊದಲು ಬಟವಾಡೆ ಗಂಡನ ಹೆಸರಿಗೆ ಬರುತ್ತಿತ್ತು. ಬಟವಾಡೆ ದಿನ ರಾತ್ರಿ ಅವನನ್ನು ನಾಲ್ಕು ಜನ ಹೊತ್ತು ತರಬೇಕಿತ್ತು. ಸಂಘದವರು ಡೈರಿಯ ಕಾರ್ಯದರ್ಶಿ ಹತ್ತಿರ ಕೂತು, ಹಸು ಕಟ್ಟುವವಳ ಹೆಸರಿಗೇ ಖಾತೆ ಮಾಡಿಸಿದರು. ಈಗ ದುಡ್ಡು ಇವಳ ಬ್ಯಾಂಕ್ ಖಾತೆಗೆ ಬರುತ್ತದೆ. "ಹೊಡೀನಿಲ್ವಾ?" ಎಂದು ಕೇಳಿದೆ. "ಹೊಡುದ. ಎಲ್ಡು ಸಲ ಹೊಡುದ. ಮೂರ್ನೇ ಸಲ ಸಂಘದೋರೆಲ್ಲ ಬಂದು ಜಗ್ಲಿ ಮ್ಯಾಲೆ ಕುಂತ್ಕಂಡ್ರು, ಏನೂ ಮಾತಾಡ್ನಿಲ್ಲ, ಸುಮ್ನೆ ಕುಂತಿದ್ರು. ಅವತ್ತಿಂದ ಕೈ ಎತ್ನಿಲ್ಲ. ಕುಡಿಯಾದು ಬುಟ್ಟಿಲ್ಲ, ಕಮ್ಮಿ ಆಗದೆ."

ಸಾವಿರ ಭಾಷಣಕ್ಕಿಂತ ಆ ಪಾಸ್‌ಪುಸ್ತಕದಲ್ಲಿ ಬದಲಾದ ಒಂದು ಹೆಸರು ದೊಡ್ಡದೆಂದು ನನಗೆ ಅನ್ನಿಸಿತು. ಪಾನನಿಷೇಧ ಎಂದ ಕೂಡಲೇ ನೀತಿ ಹೇಳುವ ಹಿರಿಯರ ಚಿತ್ರ ಕಣ್ಣಿಗೆ ಬರುತ್ತದಲ್ಲ, ಅದನ್ನು ಮನಸ್ಸಿನಿಂದ ತೆಗೆದುಹಾಕಬೇಕು. ಈ ಹೆಂಗಸರು ಯಾರಿಗೂ ನೀತಿ ಹೇಳುತ್ತಿಲ್ಲ. ಅಕ್ಕಿ, ಸ್ಕೂಲ್ ಫೀಸು, ಮೈಕ್ರೋಫೈನಾನ್ಸಿನ ಕಂತಿನ ಲೆಕ್ಕ ಹೇಳುತ್ತಿದ್ದಾರೆ.

ಊರಲ್ಲಿ ಕದ್ದು ಮಾರುವ ಒಬ್ಬನ ಹೆಂಡತಿಯೂ ಸಂಘದಲ್ಲಿದ್ದಾಳೆ. ಮಾಲು ಹುರುಳಿ ಚೀಲದ ತಳದಲ್ಲಿದೆ ಎಂದು ಹೇಳಿಕೊಟ್ಟವಳೇ ಅವಳು. ಮಾರಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚಿ ಮಾರುವವರಿಂದ ಆಣೆ ಹಾಕಿಸಿದ್ದೂ ಆಯಿತು. ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೆ ಆಣೆ ನಡೆಯಿತು, ಆಮೇಲೆ ಮತ್ತೆ ಶುರು. ಈಗ ಅವರ ದಾರಿ ಗ್ರಾಮಸಭೆ. ನಿರ್ಣಯ ಬರೆಸಿ, ಪಂಚಾಯಿತಿ ಪುಸ್ತಕದಲ್ಲಿ ಸಹಿ ಹಾಕಿಸಿ, ನಕಲು ತೆಗೆದುಕೊಳ್ಳಬೇಕು ಎಂದು ಕೂತಿದ್ದಾರೆ.

ಅಲ್ಲಿದ್ದ ವಯಸ್ಸಾದ ಒಬ್ಬ ಅಜ್ಜಿಗೆ ಪ್ಯಾಕೆಟ್ ಸಾರಾಯಿಯ ಕಾಲ ಚೆನ್ನಾಗಿ ನೆನಪಿತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕೂ ಮೊದಲು, 1992ರಲ್ಲಿ, ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿ, ಅದು ಇಡೀ ರಾಜ್ಯಕ್ಕೆ ಹಬ್ಬಿ, ಮರುವರ್ಷ ಅಲ್ಲಿ ಸಾರಾಯಿ ನಿಂತಿತ್ತು. ರೋಸಮ್ಮ ಎಂಬ ಹಳ್ಳಿಯ ಹೆಣ್ಣುಮಗಳು ಆ ಹೋರಾಟದ ಮುಖವಾಗಿದ್ದರು. ಅಜ್ಜಿಗೆ ಈ ಕಥೆ ಹೇಳಿದೆ. "ನಮ್ಮಲ್ಲೂ ಸಾರಾಯಿ ನಿಂತಾಗ ಕಡುಬು ಮಾಡಿ ಹಂಚಿದ್ದೆ ಕಣವ್ವ" ಎಂದಳು. "ಆರ್ ತಿಂಗ್ಳು ಚೆಂದಾಗಿತ್ತು. ಆಮ್ಯಾಲೆ ಬಾಟ್ಲಿ ಬಂತು, ಈಗ ಈ ಡಬ್ಬಿ ಬಂದದೆ."

ಶನಿವಾರ, ಶ್ರೀರಂಗಪಟ್ಟಣ ದಾಟಿ ಮೈಸೂರು

ಶ್ರೀರಂಗಪಟ್ಟಣದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಿಸಿಲು ಜೋರಿತ್ತು. ತನ್ನ ರಾಜ್ಯದಲ್ಲಿ ಮದ್ಯ ನಿಲ್ಲಿಸಲು ಟಿಪ್ಪು ಸುಲ್ತಾನ್ ಆಜ್ಞೆ ಹೊರಡಿಸಿದ್ದ ಎನ್ನುವುದನ್ನು ನಾದಿನಿಗೆ ಹೇಳಿದೆ. ಅವಳು ರಂಗನಾಥನಿಗೆ ಕೈಮುಗಿದು ಬಂದಳು, ಬಸ್ ಹತ್ತಿದೆವು.

ಮೈಸೂರಿನಲ್ಲಿ ಮೊದಲು ಹೋದದ್ದು ಸುಬ್ಬರಾಯನಕೆರೆಗೆ. ಸ್ವಾತಂತ್ರ್ಯ ಹೋರಾಟದ ಸಭೆಗಳು ಸೇರುತ್ತಿದ್ದ ಮೈದಾನ. ಅಲ್ಲಿಂದ ರಾಮಸ್ವಾಮಿ ವೃತ್ತ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದರೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದಿಲ್ಲವೆಂದು 'ಮೈಸೂರು ಚಲೋ' ನಡೆದಾಗ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಈ ವೃತ್ತಕ್ಕಿದೆ. ಮುಂದಿನ ತಿಂಗಳೇ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು, ಎಚ್.ಸಿ. ದಾಸಪ್ಪನವರು ಅದರಲ್ಲಿ ಮಂತ್ರಿ.

ಮಧ್ಯಾಹ್ನವೆಲ್ಲ ಗ್ರಂಥಾಲಯದಲ್ಲಿ ಕಳೆಯಿತು. ಗಂಡನ ಬಗ್ಗೆ ಪುಟಗಳಿವೆ, ಹೆಂಡತಿಯ ಬಗ್ಗೆ ಸಾಲುಗಳಿವೆ. ನನಗೆ ಇದು ನೋವಿನ ಸಂಗತಿ, ಏಕೆಂದರೆ ಆ ಸಾಲುಗಳಲ್ಲೇ ಒಂದು ದೊಡ್ಡ ಬದುಕಿದೆ. ಗಾಂಧೀಜಿಯ ಕಡೆಗೆ ಒಲಿದು ಬಂದ ಯಶೋಧರಮ್ಮನವರು ಹಳ್ಳಿಯ ಹೆಂಗಸರು ಮಕ್ಕಳಿಗಾಗಿ ಕೆಲಸ ಮಾಡುವ ಕಸ್ತೂರಬಾ ಟ್ರಸ್ಟಿನ ಜೊತೆ ದುಡಿದರು. ಅರಸೀಕೆರೆಯ ಕಸ್ತೂರಬಾ ಕೇಂದ್ರದ ಹಿಂದೆ ಅವರ ಶ್ರಮವಿದೆ. 1962ರಲ್ಲಿ ಎಸ್.ಆರ್. ಕಂಠಿಯವರು ಕೆಲವೇ ತಿಂಗಳು ಮುಖ್ಯಮಂತ್ರಿಯಾಗಿದ್ದಾಗ ಮಂತ್ರಿಯಾದರು. ಆಮೇಲೆ ನಿಜಲಿಂಗಪ್ಪನವರ ಸಂಪುಟದಲ್ಲೂ ಇದ್ದರು.

ಈಗ ಮದ್ದೂರಿನಲ್ಲಿ ಹೇಳಿದ್ದಕ್ಕೆ ಬರುತ್ತೇನೆ. ಸಂವಿಧಾನದ 47ನೇ ವಿಧಿ, ಔಷಧಕ್ಕೆ ಬಿಟ್ಟು ಮತ್ತೆಲ್ಲಕ್ಕೂ ಮದ್ಯ ನಿಷೇಧಿಸಲು ರಾಜ್ಯ ಯತ್ನಿಸಬೇಕು ಎನ್ನುತ್ತದೆ. ಸ್ವಾತಂತ್ರ್ಯದ ನಂತರ ಮೈಸೂರು ರಾಜ್ಯದಲ್ಲಿ ಹಂತ ಹಂತವಾಗಿ ಪಾನನಿಷೇಧ ಬಂತು, 1961ರಲ್ಲಿ ಅದಕ್ಕೆಂದೇ ಕಾಯ್ದೆಯಾಯಿತು. 1965ರಲ್ಲಿ ಅಬಕಾರಿ ಕಾಯ್ದೆ ಬಂತು. 1967ರಲ್ಲಿ ಪಾನನಿಷೇಧ ತೆರವಾಯಿತು. ಆಗ ಮುಖ್ಯಮಂತ್ರಿ ನಿಜಲಿಂಗಪ್ಪನವರು, ತುರುವನೂರಿನಲ್ಲಿ ಈಚಲು ಮರ ಕಡಿದು ಜೈಲು ಸೇರಿದವರು. ತಮ್ಮದೇ ಸರ್ಕಾರ ಪಾನನಿಷೇಧ ಸಡಿಲಿಸುವುದನ್ನು ಒಪ್ಪದೆ ಯಶೋಧರಮ್ಮನವರು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು.

ನಿಜಲಿಂಗಪ್ಪನವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಪಾನನಿಷೇಧ ತೆಗೆಯುವವರು ಎಲ್ಲ ಕಡೆಯೂ ಹೇಳುವ ಕಾರಣ ಎರಡು: ಬೊಕ್ಕಸ ಖಾಲಿ, ಕಳ್ಳಬಟ್ಟಿ ಹೆಚ್ಚುತ್ತಿದೆ. ಎರಡರಲ್ಲೂ ಸುಳ್ಳಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇನಲ್ಲಿ, ಕರ್ನಾಟಕ-ತಮಿಳುನಾಡಿನ ಗಡಿಯ ಎರಡೂ ಕಡೆ ನೂರಕ್ಕೂ ಹೆಚ್ಚು ಜನರನ್ನು ಕಳ್ಳಬಟ್ಟಿ ತೆಗೆದುಕೊಂಡು ಹೋಯಿತು. ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು. ಇಡೀ ರಾಜ್ಯಕ್ಕೆ ಒಂದೇ ಏಟಿಗೆ ನಿಷೇಧ ಹೇರಿದರೆ ಎಲ್ಲ ಸರಿಯಾಗುತ್ತದೆಂದು ನಾನೂ ನಂಬುವುದಿಲ್ಲ.

ಹಾಗಿದ್ದೂ ಯಶೋಧರಮ್ಮನವರ ರಾಜೀನಾಮೆ ನನಗೆ ದೊಡ್ಡದಾಗಿ ಕಾಣುತ್ತದೆ. ಬೊಕ್ಕಸದ ಲೆಕ್ಕ ಹಾಕುವ ಮೇಜಿನ ಮುಂದೆ ಅಡುಗೆಮನೆಯ ಲೆಕ್ಕವನ್ನೂ ಇಡಲೇಬೇಕು ಎಂದು ಅಧಿಕಾರದಲ್ಲಿದ್ದ ಒಬ್ಬರಾದರೂ ಹೇಳಿದರು, ಹೇಳಿದ್ದಕ್ಕೆ ಬೆಲೆಯನ್ನೂ ತೆತ್ತರು. ಇವತ್ತು ಆ ಮೇಜಿನ ಮುಂದೆ ಯಾರಿದ್ದಾರೆ? 2024-25ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 38,525 ಕೋಟಿ ರೂಪಾಯಿ. ಅದು 'ಗುರಿ'. ಗುರಿ ಎಂದ ಮೇಲೆ ಮುಟ್ಟಬೇಕು, ಮುಟ್ಟಬೇಕೆಂದರೆ ಇನ್ನಷ್ಟು ಜನ ಇನ್ನಷ್ಟು ಕುಡಿಯಬೇಕು. ಆ ಹಣದಲ್ಲಿ ಹೆಂಗಸರಿಗೂ ಯೋಜನೆಗಳು ಬರುತ್ತವೆ, ನಿಜ. ಮಂಡ್ಯದ ಆ ಹಿತ್ತಲಿನ ಗೋಣಿಚೀಲ ನೋಡಿದ ಮೇಲೆ ಈ ಅಂಕಿ ನನಗೆ ಬರೀ ಅಂಕಿಯಾಗಿ ಕಾಣುತ್ತಿಲ್ಲ.

1972ರಲ್ಲಿ ಯಶೋಧರಮ್ಮನವರಿಗೆ ಪದ್ಮಭೂಷಣ ಬಂತು. 1980ರಲ್ಲಿ ತೀರಿಕೊಂಡರು. ಪ್ರಶಸ್ತಿಯ ಹೆಸರಿನಿಂದ ಅವರನ್ನು ನೆನೆಯುವವರು ಸಿಗುತ್ತಾರೆ. ಅವರ ಬದುಕಿನ ನಿಜವಾದ ತೂಕ ಆ ರಾಜೀನಾಮೆ ಪತ್ರದಲ್ಲಿದೆ ಎಂದು ಮಕ್ಕಳಿಗೆ ಹೇಳಬೇಕು.

ರಾತ್ರಿ ಲಾಡ್ಜಿನಲ್ಲಿ ನಾದಿನಿ ಕೇಳಿದಳು: "ಅತ್ತಿಗೆ, ಅವರು ಮಂತ್ರಿಯಾಗೇ ಇದ್ದು ಒಳಗಿಂದ ಏನಾದ್ರೂ ಮಾಡ್ಬೋದಿತ್ತಲ್ವಾ?" ಆಶಾ ಕೆಲಸದಲ್ಲಿ ಹಾಗೇ ಬದುಕುವವಳು ಅವಳು, ಒಳಗಿದ್ದುಕೊಂಡೇ ಎಷ್ಟಾಗುತ್ತದೋ ಅಷ್ಟು. ಬಹಳ ಹೊತ್ತು ಮಾತಾಡಿದೆವು. ತಾನು ಜನರ ಮುಂದೆ ಬೇಡವೆಂದದ್ದಕ್ಕೆ ಸಂಪುಟದಲ್ಲಿ ಕೈಯೆತ್ತಿ ಹೂಂ ಎಂದ ಮೇಲೆ ಮತ್ತೆ ಹಳ್ಳಿಯ ಹೆಂಗಸರ ಎದುರು ಯಾವ ಮುಖ ಹೊತ್ತು ನಿಲ್ಲುವುದು ಎಂದೆ. ಅವಳು ಪೂರ್ತಿ ಒಪ್ಪಲಿಲ್ಲ.

ಭಾನುವಾರ, ನಂಜನಗೂಡು ಕಡೆ

ನಂಜನಗೂಡು ತಾಲ್ಲೂಕು ಗಾಂಧೀಜಿ ಓಡಾಡಿದ ನೆಲ. 'ಮೈಸೂರು ಗಾಂಧಿ' ಎನಿಸಿಕೊಂಡ ತಗಡೂರು ರಾಮಚಂದ್ರರಾಯರ ಊರು ಇಲ್ಲೇ. ಬದನವಾಳಿನ ಖಾದಿ ಕೇಂದ್ರವೂ ಇಲ್ಲೇ. ಗಾಂಧೀಜಿ ಎರಡೂ ಕಡೆ ಬಂದಿದ್ದರು. ಬದನವಾಳಿನಲ್ಲಿ ಹಳೆಯ ಹೆಂಚಿನ ಕಟ್ಟಡಗಳ ನಡುವೆ ನಡೆದಾಡಿ, ಎರಡು ಟವೆಲ್ಲು ಕೊಂಡು, ಮುಂದೆ ಹೊರಟೆವು. ನಮಗೆ ಮುಖ್ಯವಾಗಿದ್ದದ್ದು ಸಮುದಾಯ ಭವನವೊಂದರಲ್ಲಿ ನಡೆಯುತ್ತಿದ್ದ ಮದ್ಯವರ್ಜನ ಶಿಬಿರ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ರಾಜ್ಯದ ಉದ್ದಗಲಕ್ಕೂ ನಡೆಸುವ ಎಂಟು ದಿನದ ಶಿಬಿರಗಳ ಬಗ್ಗೆ ಬಹಳ ಜನ ಕೇಳಿರುತ್ತೀರಿ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದ್ದೂ ಗೊತ್ತಿರುತ್ತದೆ. ಅವರು ಹುಟ್ಟಿದ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ನಾವು ನೋಡಿದ್ದು ಇಂಥದ್ದೇ ಒಂದು ಶಿಬಿರ. ಬೆಳಿಗ್ಗೆ ಭಜನೆ, ಯೋಗಾಸನ, ಆಮೇಲೆ ವೈದ್ಯರ ತಪಾಸಣೆ. ಚಾಪೆ ಮೇಲೆ ಸಾಲಾಗಿ ಕೂತ ಗಂಡಸರು. ಒಬ್ಬನ ಕೈ ಎಷ್ಟು ನಡುಗುತ್ತಿತ್ತೆಂದರೆ ಲೋಟದ ಕಾಫಿ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿ ಮೇಲಿತ್ತು. ಪಕ್ಕದವನು, ನಿನ್ನೆವರೆಗೆ ಅವನಿಗೆ ಪರಿಚಯವೇ ಇಲ್ಲದವನು, ಲೋಟ ತಾನು ಹಿಡಿದು ಕುಡಿಸಿದ.

ವೈದ್ಯರು ಹೇಳಿದ್ದನ್ನು ಓದುಗರಿಗೂ ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಮನೆಯಲ್ಲಿ ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯ. ಮೊದಲ ಎರಡು ಮೂರು ದಿನಗಳಲ್ಲಿ ನಡುಕ, ಬೆವರು, ನಿದ್ದೆ ಇಲ್ಲದಿರುವುದು, ಕೆಲವರಿಗೆ ಫಿಟ್ಸ್, ಕೆಲವರಿಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು. ಜೀವಕ್ಕೇ ಕುತ್ತು ಬರಬಹುದು. ಮಾತ್ರೆ, ಬಿ1 ವಿಟಮಿನ್, ವೈದ್ಯರ ಕಣ್ಗಾವಲು ಬೇಕು. ದೆವ್ವ ಮೆಟ್ಟಿಕೊಂಡಿದೆ ಎಂದು ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯಬಾರದು, ಆಸ್ಪತ್ರೆಗೆ ಓಡಬೇಕು.

ಮಧ್ಯಾಹ್ನ ಹೆಂಡತಿಯರನ್ನು ಕರೆಸಿದ್ದರು. ಅವರದ್ದೇ ಬೇರೆ ಸಭೆ. ನಾನು ಹಿಂದೆ ಕೂತೆ. ಒಬ್ಬೊಬ್ಬರೂ ಮಾತಾಡಿದರು, ಕೆಲವರು ಬರೀ ಅತ್ತರು. ಒಬ್ಬಳು ಅಳಲಿಲ್ಲ. ಹಸಿರು ಸೀರೆ, ಕಂಕುಳಲ್ಲಿ ಮಗು. ಅವಳ ಗಂಡ ಇದಕ್ಕೂ ಮುಂಚೆ ಒಮ್ಮೆ ಶಿಬಿರಕ್ಕೆ ಬಂದು, ಬಿಟ್ಟು, ಮನೆಗೆ ಹೋಗಿ ಮೂರನೇ ದಿನಕ್ಕೆ ಮತ್ತೆ ಕುಡಿದಿದ್ದ. "ಇಲ್ಲಿ ಒಳ್ಳೇದಾಗ್ತದೆ ಸಾ. ಬಸ್ ಇಳುದ್ರೆ ಸ್ಟಾಪಿಂದ ನಮ್ಮನೆಗೆ ಹೋಗೋ ಅಷ್ಟ್ರಲ್ಲಿ ಮೂರ್ ಅಂಗ್ಡಿ. ಮೂರ್ರಲ್ಲೂ ಕೂಗಿ ಕರೀತಾರೆ" ಎಂದಳು.

ಶಿಬಿರ ಗಂಡಸನ್ನು ಎಂಟು ದಿನ ಕಾಯುತ್ತದೆ. ಒಂಬತ್ತನೇ ದಿನ ಅವನು ಅದೇ ಬೀದಿಯಲ್ಲಿ ನಡೆಯಬೇಕು. ಬೀದಿಯನ್ನು ಸರಿಮಾಡುವ ಅಧಿಕಾರ ಇರುವವರು ಶಿಬಿರದ ಉದ್ಘಾಟನೆಗೆ ಬಂದು ದೀಪ ಹಚ್ಚಿ ಹೋಗುತ್ತಾರೆ. 2019ರ ಜನವರಿಯಲ್ಲಿ ಹಳ್ಳಿಗಳ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಊರಲ್ಲಿ ಮದ್ಯ ಬೇಕೋ ಬೇಡವೋ ಎನ್ನುವುದನ್ನು ಆ ಊರಿನ ಗ್ರಾಮಸಭೆಯೇ, ಅದರಲ್ಲೂ ಹೆಂಗಸರೇ ತೀರ್ಮಾನಿಸುವಂತಾಗಬೇಕು ಎಂಬುದಷ್ಟೇ ನನ್ನ ಅಭಿಪ್ರಾಯವೂ. ರಾಜ್ಯಕ್ಕೆಲ್ಲ ಒಂದೇ ಕಾನೂನು ಮಾಡಲು ಆಗದಿದ್ದರೆ ಇದನ್ನಾದರೂ ಮಾಡಬಹುದು.

ಸಭೆ ಮುಗಿದ ಮೇಲೆ ಹಸಿರು ಸೀರೆಯವಳ ಹತ್ತಿರ ಹೋಗಿ ಕೂತೆ. ಮಂಡ್ಯದ ಸಂಘದವರು ಹಾಲಿನ ಖಾತೆ ಬದಲಾಯಿಸಿದ್ದನ್ನು ಹೇಳಿದೆ. ತನ್ನ ಖಾತೆ ಆಗಲೇ ತನ್ನ ಹೆಸರಲ್ಲಿದೆ ಎಂದಳು. ಯಶೋಧರಮ್ಮನವರ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಮಂತ್ರಿ ಕೆಲ್ಸ ಬುಟ್ ಮ್ಯಾಕೆ ಅವ್ರ ಮನೇಲಿ ಏನೂ ಅನ್ನಿಲ್ವಾ ಅಕ್ಕ?" ಎಂದು ಕೇಳಿದಳು. ದಾಸಪ್ಪನವರು 1964ರಲ್ಲೇ ತೀರಿಕೊಂಡಿದ್ದರು, ತೀರ್ಮಾನ ಅವರೊಬ್ಬರದೇ ಎಂದೆ. ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

"ಈ ಸಲ ನಾನೂ ಒಂದ್ ತೀರ್ಮಾನ ಮಾಡಿವ್ನಿ" ಎಂದಳು. ಶಿಬಿರ ಮುಗಿಯುವ ದಿನ ತಾನೇ ಬಂದು ಗಂಡನನ್ನು ಕರೆದುಕೊಂಡು ಹೋಗುತ್ತಾಳಂತೆ. ಊರಿನ ಸ್ಟಾಪಿನಲ್ಲಿ ಇಳಿಯುವುದಿಲ್ಲ. ಮುಂದಿನ ಸ್ಟಾಪು, ನಾಲೆಯ ತೂಬಿನ ಹತ್ತಿರ. ಕಂಡಕ್ಟರಣ್ಣನಿಗೆ ಆಗಲೇ ಹೇಳಿಟ್ಟಿದ್ದಾಳೆ. ಅಲ್ಲಿಗೆ ಮೈದುನ ಟಿವಿಎಸ್ ತರುತ್ತಾನೆ, ಗದ್ದೆ ಬದುವಿನ ದಾರಿಯಲ್ಲಿ ಹಿತ್ತಲ ಬಾಗಿಲಿಗೆ. ಒಂದು ತಿಂಗಳು ಅದೇ ದಾರಿ. ಕೆಲಸಕ್ಕೂ ಅತ್ತ ಕಡೆ, ಮಾವನ ಬಾಳೆ ತೋಟಕ್ಕೆ. ಮಾವನ ಹತ್ತಿರ ಮಾತಾಡಿ ಕೂಲಿ ದುಡ್ಡು ತನ್ನ ಕೈಗೇ ಕೊಡಬೇಕೆಂದು ಒಪ್ಪಿಸಿದ್ದಾಳೆ.

"ತಿಂಗ್ಳಾದ ಮ್ಯಾಕೆ?" ಎಂದು ನಾದಿನಿ ಕೇಳಿದಳು.

"ತಿಂಗ್ಳೊಳಗೆ ಆ ಮೂರ್ ಅಂಗ್ಡಿ ಮುಚ್ಚುಸ್ಬೇಕಲ್ಲ ಅಕ್ಕ" ಎಂದಳು. "ಅರ್ಜಿ ಹೆಂಗ್ ಬರ್ಯಾದು ಅಂತ ಹೇಳ್ಕೊಡಿ."

ನಾದಿನಿ ಬ್ಯಾಗಿನಿಂದ ಆಶಾ ಕೆಲಸದ ಪುಸ್ತಕ ತೆಗೆದು, ಹಿಂದಿನ ಖಾಲಿ ಹಾಳೆಯೊಂದನ್ನು ಹರಿದು, ಮೇಲೆ ತಾರೀಖು ಹಾಕಿ, "ಊರ ಹೆಸ್ರು ಹೇಳು" ಎಂದಳು.